ಶುಗರ್ ಎಮರ್ಜೆನ್ಸಿ ಆದಾಗ ಇಸಿಜಿ ಪಟ್ಟಿ ಎಂತ ಹೇಳ್ತದೆ: ಮುಂಬೈಲಿರುವ ನಮ್ಮವರಿಗೊಂದು ಗೈಡ್

"ಸಿಸ್ಟರ್, ಅಪ್ಪನಿಗೆ ಶುಗರ್ 500 ಆಗಿದೆ, ವಾಂತಿ ಆಗ್ತಾ ಉಂಟು, ಎದೆನೋವು ಇಲ್ವೇ ಇಲ್ಲ, ಮತ್ತೆ ಇಸಿಜಿ ಎಂತಕ್ಕೆ, ಬಿಲ್ ಮಾಡ್ಲಿಕ್ಕಾ?" ಕ್ಯಾಶುವಾಲ್ಟಿಯಲ್ಲಿ ಈ ಪ್ರಶ್ನೆ ಮರಾಠಿಯಲ್ಲಿ, ಹಿಂದಿಯಲ್ಲಿ, ತುಳುವಲ್ಲಿ, ಕನ್ನಡದಲ್ಲಿ ಎಲ್ಲದರಲ್ಲೂ ಕೇಳಿ ಆಗಿದೆ ನನಗೆ. ಉತ್ತರ ಒಂದೇ, ಪೊಟ್ಯಾಶಿಯಂ, ಹಾರ್ಟ್ ಸರಿ ಬಡೀಲಿಕ್ಕೆ ರಕ್ತದಲ್ಲಿ ಸರಿಯಾದ ಅಳತೆಯಲ್ಲಿ ಇರಬೇಕಾದ ಒಂದು ಲವಣ. ಶುಗರ್ ಎಷ್ಟು ಅಂತ ಗ್ಲೂಕೋಮೀಟರ್ ಹೇಳ್ತದೆ, ಆದ್ರೆ ಆ ಶುಗರ್ ಗಲಾಟೆಯಲ್ಲಿ ರಕ್ತದ ಪೊಟ್ಯಾಶಿಯಂ ಎಲ್ಲಿಗೆ ಹೋಗಿ ಕೂತಿದೆ, ಅದು ಹಾರ್ಟಿಗೆ ಎಂತ ಮಾಡ್ತಾ ಉಂಟು ಅನ್ನುದು ಲ್ಯಾಬ್ ರಿಪೋರ್ಟ್ ಬರುವ ಮುಂಚೆ ಆ ಗುಲಾಬಿ ಗೆರೆಯ ಕಾಗದದಲ್ಲಿ ಕಾಣ್ಲಿಕ್ಕೆ ಸಿಗ್ತದೆ. ಬ್ಲಡ್ ಗ್ಯಾಸ್ ಮೆಶಿನ್ ಇರುವ ಕಡೆ ಕೆಲವೇ ನಿಮಿಷದಲ್ಲಿ ನಂಬರ್ ಸಿಗಬಹುದು, ಇಲ್ಲದ ಕಡೆ ಇಸಿಜಿಯೇ ಮೊದಲ ಸುಳಿವು.

ಇದನ್ನು ಬರೀತಿರುವುದು ಇಬ್ಬರಿಗೆ. ಊರಿಂದ ಬಂದು ಇಲ್ಲಿ ನರ್ಸಿಂಗ್ ಓದ್ತಾ ಇರುವ ಅಥವಾ ಹೊಸದಾಗಿ ಡ್ಯೂಟಿಗೆ ಸೇರಿದ ಮಕ್ಕಳಿಗೆ, ಮತ್ತೆ ಮನೆಯಲ್ಲಿ ಶುಗರ್ ಪೇಷೆಂಟ್ ಇರುವವರಿಗೆ. ಮನೆಯವರು ಪಟ್ಟಿ ನೋಡಿ ಟ್ರೀಟ್ಮೆಂಟ್ ಡಿಸೈಡ್ ಮಾಡ್ಲಿಕ್ಕಲ್ಲ, ಒಳಗೆ ಎಂತ ಆಗ್ತಾ ಉಂಟು ಅಂತ ಅರ್ಥ ಆದ್ರೆ ಸರಿಯಾದ ಪ್ರಶ್ನೆ ಕೇಳಬಹುದು, ಅಷ್ಟೇ.

ಸ್ಟೆಪ್ 1: ಮನೆಯಲ್ಲಿ, ಹೊರಡುವ ಮೊದಲು

ಶುಗರ್ 300ಕ್ಕಿಂತ ಮೇಲಿದ್ದು ಅದರ ಜೊತೆ ವಾಂತಿ, ಹೊಟ್ಟೆನೋವು, ಉದ್ದುದ್ದ ಜೋರು ಉಸಿರಾಟ, ಬಾಯಿಂದ ಹಣ್ಣು ಕೊಳೆತ ಹಾಗೆ ವಾಸನೆ, ಮಂಪರು, ಇದರಲ್ಲಿ ಯಾವುದಿದ್ರೂ ನಾಳೆ ಫ್ಯಾಮಿಲಿ ಡಾಕ್ಟರಿಗೆ ತೋರಿಸುವ ಅಂತ ಕೂರ್ಬೇಡಿ. ಇದು ಕೀಟೋ ಅಸಿಡೋಸಿಸ್ ಆಗಿರಬಹುದು, ಅಂದ್ರೆ ಇನ್ಸುಲಿನ್ ಸಾಲದೆ ರಕ್ತ ಆಸಿಡ್ ಆಗುದು, ನಾವು ಡಿಕೆಎ ಅಂತೇವೆ. ವಯಸ್ಸಾದವರಲ್ಲಿ ಇನ್ನೊಂದು ಬಗೆ ಉಂಟು, ಶುಗರ್ 600 ದಾಟಿ ಮೈಯ ನೀರೆಲ್ಲ ಹೋಗಿ ನಿಧಾನಕ್ಕೆ ಪ್ರಜ್ಞೆ ತಪ್ಪುತ್ತಾ ಹೋಗ್ತದೆ, ಅದಕ್ಕೆ ಎಚ್‌ಎಚ್‌ಎಸ್ ಅಂತ ಹೆಸರು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಂತ ಮೂತ್ರದಲ್ಲಿ ಶುಗರ್ ಹೊರಹಾಕುವ ಮಾತ್ರೆ ಉಂಟಲ್ಲ, ಅದು ತಗೊಳ್ಳುವವರು ಇನ್ನೂ ಜಾಗ್ರತೆ, ಅವರಿಗೆ ಶುಗರ್ ಬರೀ 180 ಇದ್ದರೂ ಡಿಕೆಎ ಆಗಬಹುದು, ಮೀಟರ್ ನೋಡಿ ಸಮಾಧಾನ ಪಟ್ಕೊಂಡ್ರೆ ಕೆಲಸ ಕೆಟ್ಟಿತು.

ಕಮ್ಮಿ ಆದಾಗ ಲೆಕ್ಕ ಬೇರೆ. 70ಕ್ಕಿಂತ ಕೆಳಗೆ ಹೋದ್ರೆ ಲೋ, 54ಕ್ಕಿಂತ ಕೆಳಗೆ ಹೋದ್ರೆ ಸೀರಿಯಸ್. ಪ್ರಜ್ಞೆ ಇದ್ದು ನುಂಗ್ಲಿಕ್ಕೆ ಆಗ್ತದೆ ಅಂತಾದ್ರೆ ಮೂರ್ನಾಲ್ಕು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಪುನಃ ಚೆಕ್ ಮಾಡಿ. ಪ್ರಜ್ಞೆ ಇಲ್ಲದಿದ್ರೆ ಬಾಯಿಗೆ ಎಂತದೂ ಹಾಕ್ಬೇಡಿ, ಒಂದು ಬದಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ.

ಇಲ್ಲೊಂದು ನಮ್ಮ ಕಡೆಯ ಅಭ್ಯಾಸದ ಬಗ್ಗೆ ಹೇಳ್ಲೇಬೇಕು. ವಾಂತಿ ಸುಸ್ತು ಅಂದ್ರೆ ಸಾಕು, ನಾವು ಬೊಂಡ ತರ್ಸುದು. ಎಳನೀರಲ್ಲಿ ಪೊಟ್ಯಾಶಿಯಂ ಚೆನ್ನಾಗಿ ಉಂಟು, ಶುಗರ್ ಮೇಲೆ ಹೋಗಿ ಕಿಡ್ನಿ ಸ್ವಲ್ಪ ವೀಕ್ ಇರುವ ಮನುಷ್ಯನಿಗೆ, ಅದೂ ರಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟನ್ ಬಿಪಿ ಮಾತ್ರೆ ಮೇಲಿರುವವನಿಗೆ, ಅದು ಔಷಧಿ ಅಲ್ಲ. ಪ್ರಜ್ಞೆ ಸರಿ ಇದ್ರೆ ಬರೀ ನೀರು ಗುಟುಕು ಗುಟುಕಾಗಿ ಕೊಡಿ. ಲೋ ಸೋಡಿಯಂ ಉಪ್ಪು ಅಂತ ಅಂಗಡಿಯಲ್ಲಿ ಸಿಗ್ತದಲ್ಲ, ಅದರಲ್ಲೂ ಇರುವುದು ಪೊಟ್ಯಾಶಿಯಂ ಕ್ಲೋರೈಡೇ. ಮತ್ತೆ ಊಟ ಮಾಡ್ಲಿಲ್ಲ ಅಂತ ಟೈಪ್ 1, ಅಂದ್ರೆ ಮೈಯಲ್ಲಿ ಇನ್ಸುಲಿನ್ ತಯಾರಾಗದ ಬಗೆಯ ಶುಗರ್ ಇರುವವರ ಇನ್ಸುಲಿನ್ ಪೂರ್ತಿ ನಿಲ್ಲಿಸುದು, ಇದೊಂದು ದಯವಿಟ್ಟು ಮಾಡ್ಬೇಡಿ.

ಸ್ಟೆಪ್ 2: ಫೈಲಲ್ಲಿ ಹಳೇ ಇಸಿಜಿ

ನನ್ನ ಕೇಳಿದ್ರೆ ಇದು ಈ ಇಡೀ ಲೇಖನದಲ್ಲಿ ಮನೆಯವರು ಮಾಡಬಹುದಾದ ದೊಡ್ಡ ಕೆಲಸ. ಇವತ್ತಿನ ಪಟ್ಟಿಯಲ್ಲಿ ಎಸ್‌ಟಿ, ಅಂದ್ರೆ ಬಡಿತದ ಚೂಪು ಗೆರೆ ಮುಗಿದ ಮೇಲಿನ ತುಂಡು, ಏನೋ ವಕ್ರ ಕಾಣ್ತಾ ಉಂಟು ಅಂತಾದ್ರೆ ಡಾಕ್ಟರು ಕೇಳುವ ಮೊದಲ ಪ್ರಶ್ನೆ, ಇದು ಹೊಸದಾ ಹಳೇದಾ? ಹಳೇ ಪಟ್ಟಿ ಇದ್ರೆ ಅರ್ಧ ನಿಮಿಷದ ಕೆಲಸ, ಇಲ್ಲದಿದ್ರೆ ಅರ್ಧ ರಾತ್ರಿಯ ತಲೆಬಿಸಿ.

ಆದ್ರೆ ಇಸಿಜಿ ಬರುದು ಥರ್ಮಲ್ ಪೇಪರಲ್ಲಿ, ಸೆಕೆಗೆ ಬೆಳಕಿಗೆ ಅದು ಮಾಸಿ ಹೋಗ್ತದೆ, ಕೆಲವು ಪ್ಲಾಸ್ಟಿಕ್ ಕವರ್ ಒಳಗೆ ಇಟ್ರೆ ಇನ್ನೂ ಬೇಗ. ಹಾಗಾಗಿ ಝೆರಾಕ್ಸ್ ಮಾಡ್ಸಿ, ಮೊಬೈಲಲ್ಲಿ ನೆರಳು ಬೀಳದ ಹಾಗೆ ನೇರ ಮೇಲಿಂದ ಫೋಟೋ ತೆಗ್ದಿಡಿ, ಹೆಸರು ಮತ್ತು ತಾರೀಕು ಕಾಣ್ಬೇಕು. ರಿಸೆಪ್ಷನಲ್ಲಿ "ಜುನಾ ಇಸಿಜಿ ಆಹೇ" ಅಂತ ಹೇಳಿ ಕೈಗೆ ಕೊಡಿ, ಕೇಸ್ ಪೇಪರ್ ಜೊತೆ ಒಳಗೆ ಹೋಗ್ತದೆ.

ಮಾತ್ರೆಗಳ ಲಿಸ್ಟ್ ಕೂಡ ಬೇಕು, ಸ್ಟ್ರಿಪ್ಪೇ ತಂದ್ರೂ ಆಯ್ತು. ಪೊಟ್ಯಾಶಿಯಂ ಏರಿಸುವ ರಾಮಿಪ್ರಿಲ್, ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್, ಹಾರ್ಟ್ ರೇಟ್ ಇಳಿಸುವ ಮೆಟೊಪ್ರೊಲಾಲ್, ಮತ್ತೆ ಡಿಗಾಕ್ಸಿನ್, ಇವೆಲ್ಲ ಪಟ್ಟಿಯ ಅರ್ಥವನ್ನೇ ಬದಲಾಯಿಸ್ತವೆ. ಕಳೆದ ವಾರ ಕೆಮ್ಮಿಗೆ ಅಝಿತ್ರೋಮೈಸಿನ್, ವಾಂತಿಗೆ ಮೆಡಿಕಲ್ ಶಾಪಿಂದ ಒಂಡಾನ್ಸೆಟ್ರಾನ್ ಅಥವಾ ಡೊಂಪೆರಿಡೋನ್ ತಗೊಂಡಿದ್ರೆ ಅದನ್ನೂ ಹೇಳಿ, ಇವು ಕ್ಯೂಟಿ ಉದ್ದ ಮಾಡುವ ಔಷಧಿಗಳು. ಕ್ಯೂಟಿ ಅಂದ್ರೆ ಎಂತ ಅಂತ ಮುಂದೆ ಬರ್ತದೆ.

ಯಾವ ಆಸ್ಪತ್ರೆ? 24 ಗಂಟೆ ಲ್ಯಾಬ್ ಮತ್ತು ಐಸಿಯು ಇರುವ ಹತ್ತಿರದ್ದು. ಪರೇಲಿನ ಕೆಇಎಂ, ಸಾಯನ್, ಮುಂಬೈ ಸೆಂಟ್ರಲ್ಲಿನ ನಾಯರ್, ಜುಹುವಿನ ಕೂಪರ್, ಈ ಮುನ್ಸಿಪಾಲಿಟಿ ಆಸ್ಪತ್ರೆಗಳಲ್ಲಿ ರಶ್ ಇರ್ತದೆ ನಿಜ, ಆದ್ರೆ ರಾತ್ರಿ ಎರಡು ಗಂಟೆಗೂ ನೋಡುವ ಡಾಕ್ಟರ್ ಇರ್ತಾರೆ. ಬಿಲ್ಡಿಂಗ್ ಕೆಳಗಿನ ಸಣ್ಣ ನರ್ಸಿಂಗ್ ಹೋಮಲ್ಲಿ ರಾತ್ರಿ ಎಲೆಕ್ಟ್ರೋಲೈಟ್, ಅಂದ್ರೆ ಸೋಡಿಯಂ ಪೊಟ್ಯಾಶಿಯಂ ನೋಡುವ ರಕ್ತ ಪರೀಕ್ಷೆ ಮಾಡ್ತಾರಾ ಅಂತ ಇವತ್ತೇ ಕೇಳಿಟ್ಕೊಳ್ಳಿ, ಎಮರ್ಜೆನ್ಸಿ ದಿವಸ ಅಲ್ಲ.

ಸ್ಟೆಪ್ 3: ಪಟ್ಟಿ ಸರಿಯಾಗಿ ತೆಗೆಯುದು

ಇದು ನರ್ಸಿಂಗ್ ಮಕ್ಕಳಿಗೆ. ಶುಗರ್ ಲೋ ಆದವರು ಬೆವರಲ್ಲಿ ಮಿಂದು ಬಂದಿರ್ತಾರೆ, ಅದರ ಮೇಲೆ ಮುಂಬೈ ಸೆಕೆ ಬೇರೆ, ಒಣ ಬಟ್ಟೆಯಲ್ಲಿ ಒರೆಸದೆ ಎಲೆಕ್ಟ್ರೋಡ್ ಹಾಕಿದ್ರೆ ಗೆರೆ ಕುಣೀತದೆ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈಗೆ ಕೆಂಪು, ಎಡಗೈಗೆ ಹಳದಿ, ಎಡಗಾಲಿಗೆ ಹಸಿರು, ಬಲಗಾಲಿಗೆ ಕಪ್ಪು. ಎದೆಯದ್ದು ವಿ1 ವಿ2 ನಾಲ್ಕನೇ ಪಕ್ಕೆಲುಬಿನ ಕೆಳಗಿನ ಸಂದಿಯಲ್ಲಿ, ಎದೆಮೂಳೆಯ ಬಲಕ್ಕೊಂದು ಎಡಕ್ಕೊಂದು. ಹೆಚ್ಚಿನವರು ಅವಸರದಲ್ಲಿ ಇದನ್ನು ಕಾಲರ್ ಬೋನ್ ಹತ್ತಿರಕ್ಕೆ ಏರಿಸಿ ಬಿಡ್ತಾರೆ, ಆಮೇಲೆ ಇಲ್ಲದ ತೊಂದ್ರೆ ಪಟ್ಟಿಯಲ್ಲಿ ಕಾಣ್ತದೆ. ಬೆರಳಿಟ್ಟು ಎಣಿಸಿ, ನಾಚಿಕೆ ಬೇಡ.

ಪಟ್ಟಿ ಬಂದ ಕೂಡ್ಲೇ ಪೆನ್ನಲ್ಲಿ ಅದರ ಮೇಲೇ ಬರೀರಿ: ಹೆಸರು, ಗಂಟೆ, ಆ ಹೊತ್ತಿನ ಶುಗರ್, ಇನ್ಸುಲಿನ್ ಶುರು ಆಗಿದೆಯಾ ಇಲ್ವಾ, ಪೊಟ್ಯಾಶಿಯಂ ಗೊತ್ತಿದ್ರೆ ಅದು. ಇಷ್ಟು ಬರೆಯದ ಪಟ್ಟಿ ನಾಲ್ಕು ಗಂಟೆ ಕಳೆದ ಮೇಲೆ ಯಾರ ಉಪಯೋಗಕ್ಕೂ ಬರುದಿಲ್ಲ.

ಸ್ಟೆಪ್ 4: ಓದುವ ಕ್ರಮ

ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡ್ತದೆ. ಸಣ್ಣ ಚೌಕ ಅಂದ್ರೆ 0.04 ಸೆಕೆಂಡ್, ದೊಡ್ಡ ಚೌಕ 0.2 ಸೆಕೆಂಡ್. ಎರಡು ಬಡಿತದ ನಡುವೆ ಎಷ್ಟು ದೊಡ್ಡ ಚೌಕ ಅಂತ ಎಣಿಸಿ 300ನ್ನು ಅದರಿಂದ ಭಾಗಿಸಿದ್ರೆ ರೇಟ್ ಸಿಕ್ತು, 3 ಚೌಕ ಆದ್ರೆ 100. ಒಂದು ಬಡಿತದ ಗೆರೆಯಲ್ಲಿ ಮೊದಲ ಸಣ್ಣ ಗುಡ್ಡೆ ಪಿ, ಅದು ಹಾರ್ಟಿನ ಮೇಲಿನ ಕೋಣೆಗಳದ್ದು, ಆಮೇಲಿನ ಚೂಪು ಕ್ಯೂಆರ್‌ಎಸ್, ಕೆಳಗಿನ ಕೋಣೆಗಳದ್ದು, ಕೊನೆಯ ಗುಡ್ಡೆ ಟಿ ಅಂದ್ರೆ ಕೆಳಗಿನವು ಮುಂದಿನ ಬಡಿತಕ್ಕೆ ಪುನಃ ರೆಡಿ ಆಗುದು. ಪಿಆರ್, ಅಂದ್ರೆ ಪಿ ಶುರುವಿನಿಂದ ಕ್ಯೂಆರ್‌ಎಸ್ ಶುರು ಆಗುವ ತನಕ, ನಾರ್ಮಲ್ 3ರಿಂದ 5 ಸಣ್ಣ ಚೌಕ, ಕ್ಯೂಆರ್‌ಎಸ್ ಅಗಲ 3ಕ್ಕಿಂತ ಕಮ್ಮಿ.

ಡಿಕೆಎಯಲ್ಲಿ ಅತಿ ಸಾಮಾನ್ಯವಾಗಿ ಕಾಣುದು ಎಂತ ಕೇಳಿದ್ರೆ, ಬರೀ ಫಾಸ್ಟ್ ರೇಟ್. ಮೈಯಲ್ಲಿ ನೀರಿಲ್ಲ, ಹಾರ್ಟ್ ಓಡ್ತದೆ, 110, 120, 130. ಸಲೈನ್ ಹೋದ ಹಾಗೆ ಇಳೀತದೆ. ಇದರ ಉಲ್ಟಾ ಕಂಡ್ರೆ ಎಚ್ಚರ ಆಗ್ಬೇಕು: ನಾಲಿಗೆ ಒಣಗಿ ಹೋಗಿದೆ, ಬಿಪಿ ಕಮ್ಮಿ ಉಂಟು, ಶುಗರ್ 550, ಆದ್ರೆ ರೇಟ್ ಮಾತ್ರ 48. ಅಂತಹವರಲ್ಲಿ ಪೊಟ್ಯಾಶಿಯಂ ತುಂಬಾ ಮೇಲೆ ಹೋಗಿರಬಹುದು, ಇಲ್ಲ ಮೆಟೊಪ್ರೊಲಾಲ್ ತರದ ಮಾತ್ರೆ ಇರಬಹುದು, ಇಲ್ಲ ಎರಡೂ ಸೇರಿರಬಹುದು, ಹಾರ್ಟ್ ಬ್ಲಾಕ್ (ರಕ್ತನಾಳದ ಬ್ಲಾಕ್ ಅಲ್ಲ, ಮೇಲಿನ ಕೋಣೆಯ ಕರೆಂಟ್ ಕೆಳಗೆ ಸರಿಯಾಗಿ ತಲುಪದಿರುದು) ಕೂಡ ಆಗಿರಬಹುದು. ಸೀನಿಯರನ್ನು ಕರೀರಿ, ಕೂಡ್ಲೇ.

ಸ್ಟೆಪ್ 5: ಪೊಟ್ಯಾಶಿಯಂ ಮೇಲೆ ಹೋದಾಗ

ಮೊದಲು ಯಾಕೆ ಅಂತ. ನಮ್ಮ ಮೈಯ ಪೊಟ್ಯಾಶಿಯಂನಲ್ಲಿ ಹೆಚ್ಚುಕಮ್ಮಿ 98% ಜೀವಕೋಶದ ಒಳಗೇ ಇರುದು, ರಕ್ತದಲ್ಲಿ ಇರುದು ಚೂರು, ಲೀಟರಿಗೆ 3.5ರಿಂದ 5 ಮಿಲಿಮೋಲ್. ಇನ್ಸುಲಿನ್ ಇದ್ರೆ ಅದು ಒಳಗೆ ಹೋಗ್ತದೆ, ಇನ್ಸುಲಿನ್ ಇಲ್ಲ, ಶುಗರ್ ದಪ್ಪ ಆಗಿ ಕೋಶದಿಂದ ನೀರು ಎಳೀತದೆ, ರಕ್ತ ಆಸಿಡ್ ಆಗಿದೆ ಅಂತಾದ್ರೆ ಹೊರಗೆ ಬರ್ತದೆ. ದಾದರಲ್ಲಿ ಲೋಕಲ್ ಖಾಲಿಯಾಗಿ ಜನ ಎಲ್ಲ ಪ್ಲಾಟ್‌ಫಾರ್ಮಿಗೆ ಇಳಿದ ಹಾಗೆ, ಪ್ಲಾಟ್‌ಫಾರ್ಮ್ ಮಾತ್ರ ನೋಡಿದವನಿಗೆ ಎಷ್ಟು ಜನ ಅಂತ ಅನ್ನಿಸ್ತದೆ, ಗಾಡಿ ಒಳಗೆ ನೋಡಿದ್ರೆ ಖಾಲಿ. ಲ್ಯಾಬ್ ಎಣಿಸುದು ಪ್ಲಾಟ್‌ಫಾರ್ಮ್ ಮಾತ್ರ. ಮೇಲಿಂದ ಮೂತ್ರದಲ್ಲಿ ಎಷ್ಟೋ ಪೊಟ್ಯಾಶಿಯಂ ಹೋಗಿಯೂ ಆಗಿರ್ತದೆ, ಡಿಕೆಎಯಲ್ಲಿ ಕೆಜಿಗೆ 3ರಿಂದ 5 ಮಿಲಿಮೋಲ್ ಕೊರತೆ ಅಂತ ಲೆಕ್ಕ. ರಿಪೋರ್ಟಲ್ಲಿ 6, ಮೈಯಲ್ಲಿ ಬರಗಾಲ. ಇದು ತಲೆಗೆ ಹೋದ್ರೆ ಮುಂದಿನದ್ದೆಲ್ಲ ಸುಲಭ.

ಈಗ ಪಟ್ಟಿ. ಮೊದಲು ಟಿ ಎತ್ತರ ಆಗ್ತದೆ, ಬರೀ ಎತ್ತರ ಅಲ್ಲ, ಬುಡ ಸಪೂರ, ತುದಿ ಚೂಪು, ಎರಡೂ ಬದಿ ಒಂದೇ ತರ. ವಿ2, ವಿ3, ವಿ4ರಲ್ಲಿ ಚೆನ್ನಾಗಿ ಕಾಣ್ತದೆ. ಆಮೇಲೆ ಪಿಆರ್ ಉದ್ದ, ಪಿ ಚಪ್ಪಟೆ ಆಗಿ ಮಾಯ. ಆಮೇಲೆ ಕ್ಯೂಆರ್‌ಎಸ್ ಅಗಲ. ಕೊನೆಗೆ ಅಗಲ ಕ್ಯೂಆರ್‌ಎಸ್ ಮತ್ತು ಟಿ ಸೇರಿ ಅಲೆ ಅಲೆಯಾಗಿ ಒಂದೇ ಗೆರೆ, ಸೈನ್ ವೇವ್, ಅಲ್ಲಿಂದ ಕಾರ್ಡಿಯಾಕ್ ಅರೆಸ್ಟಿಗೆ ಹೆಚ್ಚು ದೂರ ಇಲ್ಲ. ಪುಸ್ತಕದಲ್ಲಿ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬರೆದಿರ್ತಾರೆ, ಪೇಷೆಂಟ್ ಪುಸ್ತಕ ಓದಿ ಬಂದಿರುದಿಲ್ಲ ಮಾರಾಯ್ರೇ, ಒಮ್ಮೆಲೇ ಎರಡು ಮೆಟ್ಟಿಲು ಹಾರಬಹುದು. ಇನ್ನೂ ಒಂದು, ಪೊಟ್ಯಾಶಿಯಂ 7 ಇದ್ದೂ ಪಟ್ಟಿ ನಾರ್ಮಲ್ ಕಾಣಬಹುದು. ಆದ್ದರಿಂದ ಪಟ್ಟಿ ಕೆಟ್ಟಿದ್ರೆ ನಂಬಿ, ಪಟ್ಟಿ ಚೆಂದ ಉಂಟು ಅಂತ ಮಾತ್ರ ನಿಶ್ಚಿಂತೆ ಬೇಡ.

ಬದಲಾವಣೆ ಕಂಡ್ರೆ ಡಾಕ್ಟರು ಸಾಮಾನ್ಯವಾಗಿ 10% ಕ್ಯಾಲ್ಶಿಯಂ ಗ್ಲುಕೋನೇಟ್ 10 ಎಂಎಲ್ ನಿಧಾನಕ್ಕೆ ರಕ್ತನಾಳಕ್ಕೆ ಕೊಡಿಸ್ತಾರೆ, ಮಾನಿಟರ್ ನೋಡ್ತಾ. ಕೆಲವೇ ನಿಮಿಷದಲ್ಲಿ ಪಟ್ಟಿ ಸುಧಾರಿಸ್ತದೆ. ಆದ್ರೆ ಕ್ಯಾಲ್ಶಿಯಂ ಪೊಟ್ಯಾಶಿಯಂ ಇಳಿಸುದಿಲ್ಲ, ಹಾರ್ಟಿಗೆ ಕವಚ ಮಾತ್ರ, ಅದೂ ಅರ್ಧದಿಂದ ಒಂದು ಗಂಟೆ. ಇಳಿಸುದು ಇನ್ಸುಲಿನ್ ಮತ್ತು ಸಲೈನ್, ಜೊತೆಗೆ ಸಾಲ್ಬುಟಮಾಲ್ ನೆಬುಲೈಸರ್, ಕಿಡ್ನಿ ಪೂರ್ತಿ ಹೋದವರಿಗೆ ಡಯಾಲಿಸಿಸ್.

ಸ್ಟೆಪ್ 6: ಎಸ್‌ಟಿ ಮೇಲೆದ್ದಿದ್ರೆ, ಹಾರ್ಟ್ ಅಟ್ಯಾಕಾ ಅಲ್ವಾ

ಇಲ್ಲಿ ಎರಡು ಕಡೆಯಿಂದಲೂ ಏಮಾರುವ ಚಾನ್ಸ್ ಉಂಟು. ಡಿಕೆಎಯಲ್ಲಿ ಪೊಟ್ಯಾಶಿಯಂ ಜೋರು ಏರಿದಾಗ, ಮುಖ್ಯವಾಗಿ ವಿ1 ವಿ2ರಲ್ಲಿ, ಎಸ್‌ಟಿ ಮೇಲೆದ್ದು ಥೇಟ್ ಹಾರ್ಟ್ ಅಟ್ಯಾಕ್ ಹಾಗೆ ಕಾಣಬಹುದು, ರಕ್ತನಾಳ ನೋಡಿದ್ರೆ ಬ್ಲಾಕ್ ಇರುದಿಲ್ಲ, ಆಸಿಡ್ ಪೊಟ್ಯಾಶಿಯಂ ಸರಿ ಆದ ಕೂಡ್ಲೇ ಎಸ್‌ಟಿ ಕೆಳಗೆ ಕೂತ್ಕೊಳ್ತದೆ. ಇದಕ್ಕೆ ಸ್ಯೂಡೋ ಇನ್ಫಾರ್ಕ್ಷನ್ ಅಂತಾರೆ. ಟ್ರೋಪೋನಿನ್, ಅಂದ್ರೆ ಹಾರ್ಟಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಪ್ರೋಟೀನ್, ಅದು ಕೂಡ ಅಟ್ಯಾಕ್ ಇಲ್ಲದೆ ಡಿಕೆಎಯಲ್ಲಿ ಸ್ವಲ್ಪ ಏರಬಹುದು.

ಇನ್ನೊಂದು ಬದಿ ಇದಕ್ಕಿಂತ ಅಪಾಯ. ವರ್ಷಗಟ್ಟಲೆ ಶುಗರ್ ಇರುವವರಿಗೆ ನರ ಸತ್ತು ಎದೆನೋವೇ ಗೊತ್ತಾಗುದಿಲ್ಲ, ಬರೀ ಬೆವರು, ವಾಂತಿ, ಉಸಿರು ಸಿಕ್ಕಿಕೊಳ್ಳುದು. ಮತ್ತೆ ಹಾರ್ಟ್ ಅಟ್ಯಾಕ್ ಆದದ್ದರಿಂದಲೇ ಶುಗರ್ ಏರಿ ಡಿಕೆಎ ಅಥವಾ ಎಚ್‌ಎಚ್‌ಎಸ್ ಆದದ್ದೂ ಇರ್ತದೆ. ಹಾಗಾಗಿ "ಇದು ಪೊಟ್ಯಾಶಿಯಂದು" ಅಂತ ಗೋಡೆಗೆ ಒರಗಿ ಕೂರ್ಲಿಕ್ಕಿಲ್ಲ. ಪೊಟ್ಯಾಶಿಯಂ ಕೂಡ್ಲೇ ನೋಡ್ಬೇಕು, ಟ್ರೀಟ್ಮೆಂಟ್ ಶುರು ಮಾಡಿ ಪಟ್ಟಿ ಪುನಃ ತೆಗೀಬೇಕು, ಬೆಡ್ ಹತ್ತಿರವೇ ಎಕೋ (ಹಾರ್ಟಿನ ಸ್ಕ್ಯಾನಿಂಗ್) ಮಾಡಿ ಹಾರ್ಟಿನ ಯಾವುದಾದ್ರೂ ಗೋಡೆ ಆಡ್ತಾ ಇಲ್ವಾ ಅಂತ ನೋಡ್ಬೇಕು, ಟ್ರೋಪೋನಿನ್ ಎರಡು ಸಲ ನೋಡಿ ಏರ್ತಾ ಉಂಟಾ ಅಂತ ತಿಳ್ಕೊಳ್ಬೇಕು. ಒಂದು ಕಡೆ ಎಸ್‌ಟಿ ಮೇಲೆ, ಎದುರು ಲೀಡುಗಳಲ್ಲಿ, ಅಂದ್ರೆ ಹಾರ್ಟನ್ನು ಎದುರು ಬದಿಯಿಂದ ನೋಡುವ ಗೆರೆಗಳಲ್ಲಿ ಕೆಳಗೆ, ಎಕೋದಲ್ಲಿ ಗೋಡೆ ನಿಂತಿದೆ ಅಂತಾದ್ರೆ ಕ್ಯಾತ್ ಲ್ಯಾಬಿಗೆ, ಅಂದ್ರೆ ರಕ್ತನಾಳದ ಬ್ಲಾಕ್ ನೋಡಿ ತೆಗೆಯುವ ಕಡೆಗೆ, ತಡ ಮಾಡ್ಬಾರ್ದು. ಮನೆಯವರು ಕೇಳಬಹುದಾದ ಪ್ರಶ್ನೆ: "ಡಾಕ್ಟ್ರೇ, ಪೊಟ್ಯಾಶಿಯಂ ಎಷ್ಟು ಬಂತು, ಇಸಿಜಿ ಪುನಃ ತೆಗ್ದಿರಾ?"

ಸ್ಟೆಪ್ 7: ಇನ್ಸುಲಿನ್ ಶುರು ಆದ ಮೇಲೆ ಉಲ್ಟಾ ಆಟ

ಅಣ್ಣಂದಿರು ಅಕ್ಕಂದಿರು ನನ್ನ ಹತ್ರ ಜಗಳಕ್ಕೆ ಬರುದು ಇಲ್ಲೇ, "ಬೆಳಿಗ್ಗೆ ಪೊಟ್ಯಾಶಿಯಂ ಜಾಸ್ತಿ ಅಂದ್ರಿ, ಈಗ ನೀವೇ ಬಾಟ್ಲಿಗೆ ಪೊಟ್ಯಾಶಿಯಂ ಹಾಕ್ತಾ ಇದ್ದೀರಲ್ಲ?" ತಪ್ಪಲ್ಲ ಅದು. ಇನ್ಸುಲಿನ್ ಹೋದ ಕೂಡ್ಲೇ ಹೊರಗಿದ್ದ ಪೊಟ್ಯಾಶಿಯಂ ಒಳಗೆ ನುಗ್ತದೆ, ರಕ್ತದಲ್ಲಿ ಸರ್ರ್ ಅಂತ ಇಳೀತದೆ. ಡಿಕೆಎ ಟ್ರೀಟ್ಮೆಂಟಲ್ಲಿ ಈ ಇಳಿತ ಶುಗರಿಗಿಂತ ಹೆಚ್ಚು ಹೆದರಿಕೆಯದ್ದು ಅಂತ ನನ್ನ ಅಭಿಪ್ರಾಯ.

ಪಟ್ಟಿಯಲ್ಲಿ ಟಿ ಚಪ್ಪಟೆ ಆಗ್ತದೆ ಇಲ್ಲ ತಲೆಕೆಳಗಾಗ್ತದೆ, ಎಸ್‌ಟಿ ಸ್ವಲ್ಪ ಇಳೀತದೆ, ಟಿ ಹಿಂದೆ ಇನ್ನೊಂದು ಸಣ್ಣ ಗುಡ್ಡೆ ಏಳ್ತದೆ, ಅದೇ ಯು ವೇವ್. ನಡುನಡುವೆ ಎಕ್ಸ್ಟ್ರಾ ಬಡಿತ. ತುಂಬಾ ಇಳಿದ್ರೆ ಟೋರ್ಸಾಡ್ಸ್ ಅನ್ನುವ ಕೆಟ್ಟ ರಿದಂ. ಅದಕ್ಕೇ ಶುರುವಲ್ಲೇ ಪೊಟ್ಯಾಶಿಯಂ 3.3ಕ್ಕಿಂತ ಕಮ್ಮಿ ಇದ್ರೆ, 2024ರ ಹೊಸ ಮಾರ್ಗಸೂಚಿ ಪ್ರಕಾರ 3.5, ಇನ್ಸುಲಿನ್ ತಡೆದು ಮೊದಲು ಪೊಟ್ಯಾಶಿಯಂ ಕೊಡ್ತಾರೆ. ನಾರ್ಮಲ್ ಇದ್ದು ಮೂತ್ರ ಸರಿ ಹೋಗ್ತಾ ಉಂಟು ಅಂತಾದ್ರೂ ಒಂದು ಲೀಟರ್ ಡ್ರಿಪ್ಪಿಗೆ ಸಾಧಾರಣ 20ರಿಂದ 30 ಮಿಲಿಮೋಲ್ ಪೊಟ್ಯಾಶಿಯಂ ಸೇರಿಸಿ 4ರಿಂದ 5ರ ನಡುವೆ ಇಡ್ಲಿಕ್ಕೆ ನೋಡ್ತಾರೆ. ನರ್ಸಿಂಗ್ ಮಕ್ಕಳೇ, ಪೊಟ್ಯಾಶಿಯಂ ಕ್ಲೋರೈಡ್ ಆಂಪೂಲ್ ಯಾವತ್ತೂ ಸಿರಿಂಜಲ್ಲಿ ನೇರ ಪುಶ್ ಮಾಡ್ಲಿಕ್ಕಿಲ್ಲ, ಬಾಟ್ಲಿಯಲ್ಲಿ ಕಲಸಿ ಪಂಪಲ್ಲಿ ಮಾತ್ರ, ಯಾರು ಅವಸರ ಮಾಡಿದ್ರೂ ಸರಿ. ಎರಡರಿಂದ ನಾಲ್ಕು ಗಂಟೆಗೊಮ್ಮೆ ರಕ್ತ ತೆಗೆಯುದು ಕೂಡ ಇದಕ್ಕೇ. ಕೊಟ್ಟಷ್ಟೂ ಪೊಟ್ಯಾಶಿಯಂ ಏರ್ತಾ ಇಲ್ಲ ಅಂದ್ರೆ ಮೆಗ್ನೀಶಿಯಂ ನೋಡಿದ್ದೀರಾ ಅಂತ ಕೇಳಿ.

ಸ್ಟೆಪ್ 8: ಲೋ ಶುಗರ್ ಮತ್ತು ಕ್ಯೂಟಿ

ಹೋಟೆಲ್ ಕೆಲಸದವರಲ್ಲಿ ಇದು ಜಾಸ್ತಿ ನೋಡ್ತೇನೆ. ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ನುಂಗಿ ಆಗಿದೆ, ಗಿರಾಕಿ ರಶ್ಶಲ್ಲಿ ಊಟ ತಪ್ಪಿದೆ, ಇಲ್ಲ ಏಕಾದಶಿ ಉಪವಾಸ, ಇಲ್ಲ ನವರಾತ್ರಿ. ಶುಗರ್ 40. ಮೈ ಗಾಬರಿಯಲ್ಲಿ ಅಡ್ರಿನಲಿನ್ ಸುರಿಸ್ತದೆ, ಅದೂ ಪೊಟ್ಯಾಶಿಯಂ ಒಳಗೆ ತಳ್ತದೆ, ಹಾರ್ಟ್ ರೆಡಿ ಆಗ್ಲಿಕ್ಕೆ ಹೆಚ್ಚು ಹೊತ್ತು ತಗೊಳ್ತದೆ. ಪಟ್ಟಿಯಲ್ಲಿ ಟಿ ಚಪ್ಪಟೆ, ಎಸ್‌ಟಿ ಸ್ವಲ್ಪ ಕೆಳಗೆ, ಕ್ಯೂಟಿ ಉದ್ದ. ಟೈಪ್ 1 ಇರುವ ಹುಡುಗರು ರಾತ್ರಿ ಆರಾಮವಾಗಿ ಮಲಗಿ ಬೆಳಿಗ್ಗೆ ಏಳದೇ ಹೋದ ಕೇಸುಗಳನ್ನು 1991ರಲ್ಲಿ ಬ್ರಿಟನ್ ಡಾಕ್ಟರುಗಳು ಒಟ್ಟು ಮಾಡಿ ಬರೆದ್ರು, ಡೆಡ್ ಇನ್ ಬೆಡ್ ಅಂತ ಹೆಸರಾಯ್ತು, ರಾತ್ರಿಯ ಲೋ ಶುಗರ್ ಮತ್ತು ಅದರಿಂದ ಕೆಡುವ ರಿದಂ ಮೇಲೆ ಸಂಶಯ ಇವತ್ತಿಗೂ ಉಂಟು.

ಕ್ಯೂಟಿ ಅಳೆಯುದು ಹೇಗೆ? ಕ್ಯೂ ಶುರುವಿನಿಂದ ಟಿ ಮುಗಿಯುವ ತನಕ. ರೇಟ್ ಜಾಸ್ತಿ ಆದ್ರೆ ಅದು ಗಿಡ್ಡ ಆಗುದು ಸಹಜ, ಹಾಗಾಗಿ ಸರಿಪಡಿಸಿ ನೋಡ್ಬೇಕು. 1920ರಷ್ಟು ಹಳೇ ಬಝೆಟ್ ಲೆಕ್ಕ ಹೀಗೆ: ಕ್ಯೂಟಿಯನ್ನು ಎರಡು ಬಡಿತದ ನಡುವಿನ ಸೆಕೆಂಡಿನ ವರ್ಗಮೂಲದಿಂದ ಭಾಗಿಸುದು. ಕ್ಯೂಟಿ 10 ಸಣ್ಣ ಚೌಕ, ಅಂದ್ರೆ 0.40. ಬಡಿತದ ನಡುವೆ 16 ಚೌಕ, ಅಂದ್ರೆ 0.64, ವರ್ಗಮೂಲ 0.8. ಉತ್ತರ 0.50, ಅಂದ್ರೆ 500 ಮಿಲಿಸೆಕೆಂಡ್. ಗಂಡಸರಿಗೆ 450, ಹೆಂಗಸರಿಗೆ 460 ದಾಟಿದ್ರೆ ಉದ್ದ ಅಂತ ಲೆಕ್ಕ, 500 ದಾಟಿದ್ರೆ ನಿಜವಾದ ಅಪಾಯ. ಆದ್ರೆ ಇದೇ ಪಟ್ಟಿಗೆ ಘನಮೂಲದ ಫ್ರಿಡೆರಿಸಿಯಾ ಲೆಕ್ಕ ಹಾಕಿದ್ರೆ ಸುಮಾರು 464 ಮಾತ್ರ ಬರ್ತದೆ! ರೇಟ್ ಫಾಸ್ಟ್ ಇದ್ದಾಗ ಬಝೆಟ್ ಜಾಸ್ತಿ ತೋರಿಸ್ತದೆ, ಹೆಚ್ಚಿನ ಮೆಶಿನ್ ಅದನ್ನೇ ಪ್ರಿಂಟ್ ಮಾಡುದು, ಆದ್ದರಿಂದ ನಂಬರ್ ನೋಡಿ ಹಾರಿ ಬೀಳ್ಬೇಡಿ, ಕೈಯಲ್ಲಿ ಒಮ್ಮೆ ಅಳೀರಿ. ಇಂತಹ ಪೇಷೆಂಟಿಗೆ ವಾಂತಿ ಅಂತ ಯೋಚನೆ ಮಾಡದೆ ಒಂಡಾನ್ಸೆಟ್ರಾನ್ ಚುಚ್ಚುವ ಮೊದಲು ಡಾಕ್ಟರಿಗೆ ಕ್ಯೂಟಿ ತೋರಿಸಿ.

ಗ್ಲಿಮೆಪಿರೈಡಿಂದ ಲೋ ಆದವರು ಗ್ಲೂಕೋಸ್ ಹಾಕಿದ ಕೂಡ್ಲೇ ಎದ್ದು ಕೂತು ಮನೆಗೆ ಹೋಗ್ತೇನೆ ಅಂತಾರೆ. ಬಿಡ್ಬೇಡಿ, ಮಾತ್ರೆಯ ಪವರ್ ಇಳಿಯದೆ ಶುಗರ್ ಪುನಃ ಬೀಳ್ತದೆ, ಕಿಡ್ನಿ ವೀಕ್ ಇದ್ರೆ ಇನ್ನೂ ಹೆಚ್ಚು ಹೊತ್ತು.

ಸ್ಟೆಪ್ 9: ಪುನಃ ಪುನಃ ತೆಗೆಯುದು, ಆಮೇಲೆ ಡಿಸ್ಚಾರ್ಜ್

ಬಂದ ಕೂಡ್ಲೇ ಒಂದು, ಕ್ಯಾಲ್ಶಿಯಂ ಕೊಟ್ಟಿದ್ರೆ ಅದರ ಬೆನ್ನಿಗೇ ಒಂದು, ಇನ್ಸುಲಿನ್ ಶುರು ಆಗಿ ಪೊಟ್ಯಾಶಿಯಂ ರಿಪೋರ್ಟ್ ಬಂದಾಗೆಲ್ಲ ಒಂದು, ಎದೆನೋವು ಅಥವಾ ರಿದಂ ಬದಲಾದ್ರೆ ಆ ಕ್ಷಣ. ಎಲ್ಲವನ್ನೂ ಗಂಟೆಯ ಕ್ರಮದಲ್ಲಿ ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿ, ಟಿ ಚೂಪಿನಿಂದ ಚಪ್ಪಟೆಗೆ ಇಳಿಯುದು ಕಣ್ಣಿಗೇ ಕಾಣ್ತದೆ, ಮುಂದಿನ ರಿಪೋರ್ಟ್ ಹೇಗೆ ಬರಬಹುದು ಅಂತ ಅಂದಾಜು ಸಿಗ್ತದೆ. ಒಂದೇ ಪಟ್ಟಿ ನೋಡಿ ಮಾತಾಡುವವರನ್ನು ನಾನಂತೂ ನಂಬುದಿಲ್ಲ.

ಮನೆಗೆ ಹೊರಡುವ ದಿವಸ ಎಲ್ಲ ಸರಿ ಆದ ಮೇಲಿನ ಒಂದು ಪಟ್ಟಿ ಕೇಳಿ ತಗೊಳ್ಳಿ, ಫೋಟೋ ತೆಗೀರಿ, ಇನ್ನು ಮುಂದೆ ಫೈಲಲ್ಲಿ ಅದೇ ಹಳೇ ಇಸಿಜಿ. ನಿಲ್ಲಿಸಿದ್ದ ರಾಮಿಪ್ರಿಲ್, ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್ ಯಾವಾಗ ಪುನಃ ಶುರು ಮಾಡ್ಬೇಕು, ಮಾಡ್ಬೇಕಾ ಬೇಡ್ವಾ ಅಂತ ಡಿಸ್ಚಾರ್ಜ್ ಕಾರ್ಡಲ್ಲಿ ಬರೆಸಿ. ಮೂತ್ರದಲ್ಲಿ ಶುಗರ್ ಹಾಕುವ ಮಾತ್ರೆಯಿಂದ ಡಿಕೆಎ ಆಗಿದ್ದಿದ್ರೆ ಮನೆಯಲ್ಲಿ ಉಳಿದ ಸ್ಟ್ರಿಪ್ ಡಾಕ್ಟರನ್ನು ಕೇಳದೆ ಮುಟ್ಟುವ ಹಾಗಿಲ್ಲ. ಪೊಟ್ಯಾಶಿಯಂ ಮತ್ತು ಕಿಡ್ನಿ ಹೇಗುಂಟು ಅಂತ ಹೇಳುವ ಕ್ರಿಯಾಟಿನಿನ್ ಟೆಸ್ಟ್ ಪುನಃ ಯಾವ ತಾರೀಕಿಗೆ ಮಾಡಿಸ್ಬೇಕು ಅಂತಲೂ ಅದೇ ಕಾರ್ಡಲ್ಲಿ ಬರೆಸಿ, ಆಮೇಲೆ ಬಿಲ್ ಕೌಂಟರಿಗೆ ಹೋಗಿ.